ಇಲ್ಲದವನ ಹಾಜರಿ ನೀನು ಕೂಗಬೇಡ

ಮೊನ್ನೆ ಫೋನಿನಲ್ಲಿ "ದೊಡ್ಡಮ್ಮ, ನಮ್ಮ ಸ್ಟಾರ್ಟರಿಗೆ ವಾಚ್‌ಡಾಗ್ ಹಾಕಿಬಿಟ್ಟಿದ್ದೀವಿ, ಇನ್ನು ಹ್ಯಾಂಗ್ ಆಗೋ ಮಾತೇ ಇಲ್ಲ" ಅಂದೆಯಲ್ಲ, ಆ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಹೊಸ ಕೆಲಸದ ಹುರುಪಿಗೆ ತಣ್ಣೀರೆರಚಬಾರದು ಅಂತ ಆಗ ಸುಮ್ಮನಿದ್ದೆ. ಈಗ ಬರೀತಿದ್ದೀನಿ, ಪುರುಸೊತ್ತಾಗಿ ಓದು. ವಾಚ್‌ಡಾಗ್ ಹಾಕಿದ ಮಾತ್ರಕ್ಕೆ ಹ್ಯಾಂಗ್ ಆಗೋದು ನಿಲ್ಲಲ್ಲ ಕಣೋ. ಹ್ಯಾಂಗ್ ಆದ ಮೇಲೆ ಬಾಕ್ಸು ತಾನಾಗಿ ಎದ್ದು ಕೂರಲಿ ಅಂತ ಮಾಡಿಕೊಂಡ ಏರ್ಪಾಡು ಅದು. ಅದೂ ಸರಿಯಾಗಿ ಹಾಕಿದ್ದರೆ. ತಪ್ಪಾಗಿ ಹಾಕಿದರೆ ಇದ್ದೂ ಇಲ್ಲದ ಹಾಗೆ. ಸಾಲದ್ದಕ್ಕೆ, ಇದೆ ಅನ್ನೋ ಧೈರ್ಯದಲ್ಲಿ ಬೇರೆ ಯಾವ ಎಚ್ಚರಿಕೆಯನ್ನೂ ತಗೊಳ್ಳದೆ ಕೂತಿರ್ತೀವಿ.

ನಿನ್ನ ಬಾಕ್ಸು ಎಲ್ಲಿ ಬದುಕಬೇಕು ಅಂತ ಮೊದಲು ಯೋಚಿಸು. ತೋಟದ ಮೂಲೆಯ ಬೋರ್‌ವೆಲ್ ಪಕ್ಕ, ತಗಡಿನ ಪೆಟ್ಟಿಗೆಯೊಳಗೆ, ಇರುವೆ ಹಲ್ಲಿಗಳ ಜೊತೆ. ತ್ರೀ ಫೇಸ್ ಕರೆಂಟು ಎಷ್ಟೋ ಕಡೆ ಬರೋದೇ ರಾತ್ರಿ. ಟಾರ್ಚ್ ಹಿಡಿದು ಹಾವು ಚೇಳಿನ ಹೆದರಿಕೆಯಲ್ಲಿ ಗದ್ದೆಗೆ ಹೋಗೋದು ತಪ್ಪಲಿ ಅಂತಲೇ ರೈತ ದುಡ್ಡು ಕೊಟ್ಟು ಮೊಬೈಲ್ ಸ್ಟಾರ್ಟರ್ ಕೊಂಡಿರ್ತಾನೆ. ಮನೆಯಿಂದ ಒಂದು ಕಾಲ್ ಕೊಟ್ಟರೆ ಮೋಟರು ಆನ್ ಆಗಬೇಕು. ಆಫೀಸಿನ ಕಂಪ್ಯೂಟರ್ ಹ್ಯಾಂಗ್ ಆದರೆ ಪಕ್ಕದಲ್ಲಿರೋರು ಯಾರೋ ಪವರ್ ಬಟನ್ ಒತ್ತುತ್ತಾರೆ. ಇಲ್ಲಿ ಒತ್ತೋಕೆ ರೈತನೇ ನಡೆದು ಹೋಗಬೇಕು. ಹೋದನೋ, ನಿಮ್ಮ ಬಾಕ್ಸು ಕೊಂಡಿದ್ದು ದಂಡ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಪಂಚಾಯಿತಿಗಳಲ್ಲಿ ನಿಲ್ಲಿಸಿರೋ ಮಳೆಮಾಪಕಗಳ ಪಾಡೂ ಇದೇ. ಧೋ ಅಂತ ಮಳೆ ಸುರಿಯೋ ದಿನವೇ ಅವುಗಳ ಲೆಕ್ಕ ಬೇಕಾಗೋದು, ಆ ದಿನವೇ ಅಲ್ಲಿಗೆ ಯಾರೂ ಹೋಗೋಕಾಗಲ್ಲ. ಇಂಥ ಕಡೆ ಕೂರೋ ಯಂತ್ರವನ್ನ ವಾಚ್‌ಡಾಗ್ ಇಲ್ಲದೆ ಕಳಿಸಲೇಬಾರದು. ಆದ್ದರಿಂದ ನೀವು ಹಾಕಿದ್ದು ಸರಿ. ಹೇಗೆ ಹಾಕಿದ್ದೀರಿ ಅನ್ನೋದೇ ನನ್ನ ಪ್ರಶ್ನೆ.

ಅದರ ಕೆಲಸ ನಿನಗೆ ಗೊತ್ತಿರೋದೇ. ಒಂದು ಕೌಂಟರ್ ಇಳೀತಾ ಇರುತ್ತೆ. ಸೊನ್ನೆ ಮುಟ್ಟೋದರೊಳಗೆ ಪ್ರೋಗ್ರಾಂ ಬಂದು ಅದನ್ನ ಮತ್ತೆ ಮೇಲಕ್ಕೆ ಏರಿಸಬೇಕು, ನೀವೆಲ್ಲ ಕಿಕ್ ಮಾಡೋದು ಅಂತೀರಲ್ಲ, ಅದು. ಬರಲಿಲ್ಲ ಅಂದರೆ ಚಿಪ್ಪಿಗೆ ರೀಸೆಟ್. ಇದರಲ್ಲಿ ಒತ್ತಿ ಹೇಳಬೇಕಾದ್ದು ಒಂದೇ: ಆ ಕೌಂಟರಿನ ಕ್ಲಾಕು ಸಿಪಿಯುವಿನ ಕ್ಲಾಕಿನಿಂದ ಬೇರೆಯಾಗಿರಬೇಕು. ಕ್ರಿಸ್ಟಲ್ ನಿಂತಾಗ ಕಾವಲೂ ಜೊತೆಗೇ ನಿಂತುಬಿಟ್ಟರೆ ಏನು ಬಂತು? ಎಟಿಮೆಗಾ328ರಲ್ಲಿ ಇದಕ್ಕೆಂದೇ 128 ಕಿಲೋಹರ್ಟ್ಸಿನ ಪ್ರತ್ಯೇಕ ಆಸಿಲೇಟರ್ ಇದೆ. ಎಸ್‌ಟಿಎಂ32ರ ಇಂಡಿಪೆಂಡೆಂಟ್ ವಾಚ್‌ಡಾಗಿಗೂ ತನ್ನದೇ ಕ್ಲಾಕು. ಇನ್ನೂ ನಂಬಿಕೆ ಬೇಕು ಅನ್ನೋರು ಹೊರಗೇ ಒಂದು ಸೂಪರ್‌ವೈಸರ್ ಐಸಿ ಕೂರಿಸ್ತಾರೆ. ಮ್ಯಾಕ್ಸ್706 ಹಳೇದು, ಈಗಲೂ ಎಷ್ಟೋ ಬೋರ್ಡುಗಳಲ್ಲಿ ಇದೆ. ಸುಮಾರು 1.6 ಸೆಕೆಂಡ್ ಕಾಲ ಅದರ ಇನ್‌ಪುಟ್ ಪಿನ್ ಮೇಲೆ ಕೆಳಗೆ ಆಗದಿದ್ದರೆ ಅದರ ವಾಚ್‌ಡಾಗ್ ಔಟ್‌ಪುಟ್ ಕೆಳಗಿಳಿಯುತ್ತೆ. ಅಷ್ಟೇ, ತಾನಾಗಿ ರೀಸೆಟ್ ಕೊಡಲ್ಲ. ಆ ಔಟ್‌ಪುಟ್ಟನ್ನ ಅದೇ ಐಸಿಯ ಮ್ಯಾನ್ಯುಯಲ್ ರೀಸೆಟ್ ಪಿನ್ನಿಗೆ ಸೇರಿಸಬೇಕು. ಸೇರಿಸದೆ ಬಿಟ್ಟ ಬೋರ್ಡಿನಲ್ಲಿ ಐಸಿಗೆ ಕೊಟ್ಟ ಕಾಸು ನೀರಿಗೆ ಹಾಕಿದ ಹಾಗೆ.

ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಂಎಸ್‌ಪಿ430 ಇತ್ತಲ್ವಾ? ಆ ಚಿಪ್ಪಿಗೆ ಪವರ್ ಬಂದ ಕೂಡಲೇ ವಾಚ್‌ಡಾಗ್ ತಾನಾಗಿ ಓಡೋಕೆ ಶುರುಮಾಡುತ್ತೆ, ಗಡುವು ಸುಮಾರು 32 ಮಿಲಿಸೆಕೆಂಡ್. ಅದಕ್ಕೇ ಉದಾಹರಣೆಗೆ ಕೊಡೋ ಪ್ರೋಗ್ರಾಮುಗಳ ಮೊದಲ ಸಾಲೇ ವಾಚ್‌ಡಾಗ್ ನಿಲ್ಲಿಸೋದು. ಒಂದು ಎಲ್‌ಇಡಿ ಮಿನುಗಿಸೋಕೂ ಮೊದಲು ಮಕ್ಕಳು ಕಲಿಯೋದು ಕಾವಲು ತೆಗೆಯೋದನ್ನ! ಲ್ಯಾಬಿಗೆ ಅದು ಸರಿಯೇ, ಬೈಯೋಕಾಗಲ್ಲ. ಆದರೆ ಅದೇ ಸಾಲು ಫೈಲಿನಿಂದ ಫೈಲಿಗೆ ಕಾಪಿ ಆಗ್ತಾ ಆಗ್ತಾ ಮಾರಾಟಕ್ಕೆ ಹೋಗೋ ಫರ್ಮ್‌ವೇರಿನವರೆಗೂ ಬಂದು ಕೂತಿರೋದನ್ನ ನಾನು ಕಂಡಿದ್ದೀನಿ. ನಾಳೆ ಆಫೀಸಿಗೆ ಹೋದ ತಕ್ಷಣ ಅದನ್ನೊಂದು ಹುಡುಕಿ ನೋಡು.

ಈಗ ಮುಖ್ಯ ಮಾತು. ಕಿಕ್ ಮಾಡೋ ಸಾಲನ್ನ ಎಲ್ಲಿ ಬರೆದಿದ್ದೀರಿ? ಟೈಮರ್ ಇಂಟರಪ್ಟಿನಲ್ಲಿ ಅನ್ನೋದು ನಿನ್ನ ಉತ್ತರವಾದರೆ ನಿಮ್ಮ ಬಾಕ್ಸಿಗೆ ವಾಚ್‌ಡಾಗ್ ಇಲ್ಲ ಅಂತಲೇ ನನ್ನ ತೀರ್ಮಾನ. ಸುಲಭ ಅಂತ ಬಹಳ ಜನ ಅಲ್ಲೇ ಬರೀತಾರೆ. ಹತ್ತು ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಬರುತ್ತೆ, ಕಿಕ್ ಆಗುತ್ತೆ, ಯಾವತ್ತೂ ತಡ ಆಗಲ್ಲ. ತಡ ಆಗದಿರೋದೇ ಅದರ ದೋಷ. ಮೇನ್ ಲೂಪ್ ಎಲ್ಲೋ ಸಿಕ್ಕಿಕೊಂಡು ಸತ್ತಿದ್ದರೂ ಟೈಮರ್ ಹಾರ್ಡ್‌ವೇರ್ ಓಡ್ತಾನೇ ಇರುತ್ತೆ, ಇಂಟರಪ್ಟ್ ಬರ್ತಾನೇ ಇರುತ್ತೆ. ಗೆಳೆಯ ಮ್ಯಾಟಿನಿಗೆ ಹೋಗಿದ್ದಾಗ ಹಿಂದಿನ ಬೆಂಚಿನಿಂದ ಗಂಟಲು ಬದಲಾಯಿಸಿ "ಪ್ರೆಸೆಂಟ್ ಸಾರ್" ಅಂತ ಪ್ರಾಕ್ಸಿ ಕೂಗ್ತಿದ್ದಿರಲ್ಲ, ಅದು ಇದು. ರಿಜಿಸ್ಟರಿನಲ್ಲಿ ನೂರಕ್ಕೆ ನೂರು ಹಾಜರಿ, ಬೆಂಚಿನಲ್ಲಿ ಯಾರೂ ಇಲ್ಲ.

ಇದು ಬರೀ ಹುಡುಗರ ಕೋಡಿನ ಕತೆ ಅಂದುಕೋಬೇಡ. ಅಮೆರಿಕದ ಒಕ್ಲಹೋಮಾದಲ್ಲಿ 2007ರಲ್ಲಿ 2005ರ ಮಾಡೆಲ್ಲಿನ ಒಂದು ಟೊಯೊಟಾ ಕ್ಯಾಮ್ರಿ ಅಪಘಾತ ಆಯ್ತು. ಕಾರು ತಾನಾಗೇ ವೇಗ ಹೆಚ್ಚಿಸಿಕೊಂಡಿತು ಅನ್ನೋದು ದೂರು. 2013ರ ಅಕ್ಟೋಬರಿನಲ್ಲಿ ಆ ಕೇಸಿನ ವಿಚಾರಣೆ ನಡೆದಾಗ, ದೂರುದಾರರ ಕಡೆಯ ತಜ್ಞ ಮೈಕಲ್ ಬಾರ್ ಆ ಎಂಜಿನ್ ಕಂಟ್ರೋಲ್ ಫರ್ಮ್‌ವೇರನ್ನ ಓದಿ ಸಾಕ್ಷಿ ಹೇಳಿದ. ಅವನು ಎತ್ತಿದ ಆಕ್ಷೇಪಗಳಲ್ಲಿ ಒಂದು ಇದೇ: ವಾಚ್‌ಡಾಗ್ ಕಿಕ್ ಆಗ್ತಿದ್ದದ್ದು ಟೈಮರ್ ಇಂಟರಪ್ಟಿನಿಂದ, ಹಾಗಾಗಿ ಒಳಗೆ ಒಂದು ಟಾಸ್ಕ್ ಸತ್ತರೂ ಅದಕ್ಕೆ ಗೊತ್ತಾಗ್ತಿರಲಿಲ್ಲ. ಜ್ಯೂರಿ ದೂರುದಾರರ ಪರ ತೀರ್ಪು ಕೊಟ್ಟಿತು. ನ್ಯಾಯವಾಗಿ ಹೇಳಬೇಕು ಅಂದರೆ, ಅದಕ್ಕೂ ಮುಂಚೆ 2011ರಲ್ಲಿ ಬಂದ ನಾಸಾ ವರದಿಗೆ ಆ ಕಾರುಗಳು ತಾವಾಗೇ ವೇಗ ಹೆಚ್ಚಿಸಿಕೊಳ್ಳೋಕೆ ಎಲೆಕ್ಟ್ರಾನಿಕ್ಸಿನಲ್ಲಿ ಕಾರಣ ಸಿಕ್ಕಿರಲಿಲ್ಲ. ಆ ಅಪಘಾತಕ್ಕೆ ನಿಜವಾದ ಕಾರಣ ಏನು ಅನ್ನೋ ಜಗಳಕ್ಕೆ ನಾನು ಇಳಿಯಲ್ಲ. ಕಿಕ್ ಎಲ್ಲಿಂದ ಬರ್ತಿತ್ತು ಅನ್ನೋದು ಕೋರ್ಟಿನಲ್ಲಿ ಕೇಳೋ ಪ್ರಶ್ನೆ ಆಯ್ತಲ್ಲ, ಅದನ್ನ ನೆನಪಿಡು.

ಇಂಟರಪ್ಟಿಗಿಂತ ನಾಜೂಕಾದ ಇನ್ನೊಂದು ಪ್ರಾಕ್ಸಿ ಇದೆ, ನಿಮ್ಮಂಥ ಮೋಡೆಮ್ ಇರೋ ಬೋರ್ಡುಗಳಲ್ಲಿ ಗ್ಯಾರಂಟಿ ಸಿಗುತ್ತೆ. ಮೋಡೆಮ್ಮಿಗೆ ಕಮಾಂಡ್ ಕಳಿಸಿ "ಓಕೆ" ಬರೋವರೆಗೂ ಒಂದು ವೈಲ್ ಲೂಪಿನಲ್ಲಿ ಕಾಯ್ತೀರಿ. ಟವರ್ ಸಿಗ್ನಲ್ ಇಲ್ಲದ ಕಡೆ ಉತ್ತರ ತಡ ಆಗಿ ವಾಚ್‌ಡಾಗ್ ಕಚ್ಚುತ್ತೆ. ಟೆಸ್ಟಿಂಗ್‌ನವರು ಬಗ್ ಹಾಕ್ತಾರೆ. ಆಗ ಯಾರೋ ಆ ಲೂಪಿನ ಒಳಗೇ ಒಂದು ಕಿಕ್ ಸಾಲು ತುರುಕ್ತಾರೆ. ಬಗ್ ಕ್ಲೋಸ್, ಎಲ್ಲರಿಗೂ ಖುಷಿ. ಇನ್ನು ಮೋಡೆಮ್ ಉತ್ತರ ಕೊಡೋದನ್ನೇ ನಿಲ್ಲಿಸಿದರೆ ನಿನ್ನ ಪ್ರೋಗ್ರಾಂ ಆ ಲೂಪಿನಲ್ಲಿ ವರ್ಷಗಟ್ಟಲೆ ಕೂತಿರುತ್ತೆ, ವಾಚ್‌ಡಾಗಿಗೆ ಹೊತ್ತುಹೊತ್ತಿಗೆ ಊಟ ಹಾಕ್ತಾ. ಕಾಯೋ ಪ್ರತಿ ಲೂಪಿಗೂ ಅದರದೇ ಟೈಮ್‌ಔಟ್ ಇರಲಿ, ಕಿಕ್ ಸಾಲು ಅಲ್ಲಿ ಬೇಡ. ಇಡೀ ಕೋಡಿನಲ್ಲಿ ಕಿಕ್ ಸಾಲು ಎಷ್ಟು ಕಡೆ ಇದೆ ಅಂತ ಒಮ್ಮೆ ಹುಡುಕು. ಒಂದಕ್ಕಿಂತ ಹೆಚ್ಚು ಸಿಕ್ಕರೆ, ಪ್ರತಿಯೊಂದನ್ನೂ ಯಾರು, ಯಾವಾಗ, ಯಾಕೆ ಬರೆದರು ಅಂತ ಕೇಳು. ಬಹುಪಾಲು ಯಾವುದೋ ಬಗ್ಗಿನ ಬಾಯಿ ಮುಚ್ಚಿಸೋಕೆ ಬರೆದದ್ದಾಗಿರುತ್ತೆ.

ಹಾಗಾದರೆ ಹೇಗೆ ಬರೀಬೇಕು? ನಿಮ್ಮ ಫರ್ಮ್‌ವೇರಿನಲ್ಲಿ ಮೋಡೆಮ್ಮಿಗೊಂದು ಟಾಸ್ಕು, ವೋಲ್ಟೇಜು ಕರೆಂಟು ಅಳೆಯೋದಕ್ಕೊಂದು, ರಿಲೇ ನೋಡಿಕೊಳ್ಳೋದಕ್ಕೊಂದು ಇರುತ್ತೆ ಅಂತಿಟ್ಟುಕೋ. ಪ್ರತಿ ಟಾಸ್ಕೂ ತನ್ನ ಒಂದು ಸುತ್ತಿನ ಕೆಲಸ ಮುಗಿಸಿದ ಮೇಲೆ ತನ್ನ ಹೆಸರಿನ ಒಂದು ಫ್ಲ್ಯಾಗ್ ಏರಿಸಬೇಕು. ಕೆಲಸ ಶುರುಮಾಡುವಾಗ ಏರಿಸಬಾರದು, ಮುಗಿದ ಮೇಲೆ. ಇನ್ನೊಂದು ಕಡೆ, ಒಂದೇ ಕಡೆ, ಎಲ್ಲ ಫ್ಲ್ಯಾಗೂ ಮೇಲಿದೆಯಾ ಅಂತ ನೋಡಿ, ಇದ್ದರೆ ಮಾತ್ರ ಕಿಕ್ ಮಾಡಿ, ಎಲ್ಲವನ್ನೂ ಕೆಳಗಿಳಿಸಬೇಕು. ಒಬ್ಬನು ಬರದಿದ್ದರೂ ಕಿಕ್ ಇಲ್ಲ. ಬರೀ ಫ್ಲ್ಯಾಗ್ ಸಾಲದು, ಸುಳ್ಳನ್ನೂ ಹಿಡೀಬೇಕು ಅಂದರೆ ಒಂದೆರಡು ಪ್ರಶ್ನೆ ಸೇರಿಸು: ಸ್ಟ್ಯಾಕ್ ಹದ್ದು ಮೀರಿಲ್ಲವಲ್ಲ, ಅಳೆದ ವೋಲ್ಟೇಜ್ ಗಂಟೆಗಟ್ಟಲೆ ಒಂದು ಚೂರೂ ಅಲುಗದೆ ಒಂದೇ ಅಂಕಿಯಲ್ಲಿ ನಿಂತಿಲ್ಲವಲ್ಲ. ನಮ್ಮ ಹಳ್ಳಿ ಲೈನಿನ ವೋಲ್ಟೇಜ್ ಅಷ್ಟು ಸ್ಥಿರವಾಗಿರುತ್ತಾ, ಹೇಳು! ಇನ್ನೊಂದು ಜಾತಿಯ ತಪ್ಪಿದೆ: ಲೂಪು ಹುಚ್ಚುಹಿಡಿದ ಹಾಗೆ ಅರ್ಧಂಬರ್ಧ ಕೆಲಸ ಹಾರಿಸಿಕೊಂಡು ತಿರುಗ್ತಾ ಬೇಗ ಬೇಗ ಕಿಕ್ ಮಾಡೋದು. ಅದಕ್ಕೆ ಕಿಟಕಿ ಇರೋ ವಾಚ್‌ಡಾಗ್ ಬೇಕು. ಎಸ್‌ಟಿಎಂ32ರಲ್ಲಿ ವಿಂಡೋ ವಾಚ್‌ಡಾಗ್ ಅಂತ ಬೇರೆಯೇ ಕೊಟ್ಟಿದ್ದಾರೆ. ತಡ ಆದರೂ ಕಚ್ಚುತ್ತೆ, ಅವಸರ ಪಟ್ಟರೂ ಕಚ್ಚುತ್ತೆ.

ಚಂದ್ರನ ಮೇಲೆ ಇಳಿದ ಅಪೊಲೊ ಕಂಪ್ಯೂಟರಿನಲ್ಲಿ ಈ ವಿಚಾರ ಆಗಲೇ ಇತ್ತು. ಅದರ ಹಾರ್ಡ್‌ವೇರಿನಲ್ಲಿ ನೈಟ್ ವಾಚ್‌ಮನ್ ಅಂತ ಒಂದು ಸರ್ಕ್ಯೂಟ್. ಅದು ಕಾಯ್ತಿದ್ದದ್ದು ಒಂದೇ ಒಂದು ಮೆಮೊರಿ ವಿಳಾಸವನ್ನ. ಹೊಸ ಕೆಲಸ ಏನಾದರೂ ಕಾದಿದೆಯಾ ಅಂತ ಪ್ರೋಗ್ರಾಂ ಹೋಗಿ ನೋಡೋ ಜಾಗ ಅದು. 0.64ರಿಂದ 1.92 ಸೆಕೆಂಡಿನೊಳಗೆ ಯಾರೂ ಆ ಜಾಗ ಮುಟ್ಟಲಿಲ್ಲ ಅಂದರೆ ರೀಸ್ಟಾರ್ಟ್. ಅಂದರೆ ಕೆಲಸ ಹಂಚೋ ಲೂಪು ನಿಜವಾಗಿ ತಿರುಗ್ತಿದ್ದರೇನೇ ಹಾಜರಿ ಬೀಳ್ತಿತ್ತು. ಅದಕ್ಕೆಂದೇ ಬೇರೆ ಕಿಕ್ ಸಾಲು ಬರೆಯೋ ಅಗತ್ಯವೇ ಇರಲಿಲ್ಲ. ನನಗೆ ಇದರಷ್ಟು ಅಚ್ಚುಕಟ್ಟಾದ ವಿನ್ಯಾಸ ಈಗಿನ ಚಿಪ್ಪುಗಳಲ್ಲೂ ಕಂಡಿಲ್ಲ.

ಆ ಕಂಪ್ಯೂಟರಿನಿಂದ ಕಲಿಯಬೇಕಾದ ಇನ್ನೂ ದೊಡ್ಡ ಪಾಠ ರೀಸ್ಟಾರ್ಟ್ ಆದ ಮೇಲಿನದ್ದು. 1969ರ ಜುಲೈ 20ರಂದು ಇಳಿಯುವಾಗ 1202, 1201 ಅಂತ ಅಲಾರಂ ಬಂದದ್ದು ಕೇಳಿರ್ತೀಯ. ಅದು ನೈಟ್ ವಾಚ್‌ಮನ್ ಕೊಟ್ಟದ್ದಲ್ಲ, ಕೆಲಸ ತುಂಬಿ ತುಳುಕಿ ಜಾಗ ಸಾಲದಾದಾಗ ಸಾಫ್ಟ್‌ವೇರೇ ಮಾಡಿಕೊಂಡ ರೀಸ್ಟಾರ್ಟು. ಬಳಕೆಯಲ್ಲಿಲ್ಲದ ರಾಂಡೆವೂ ರೇಡಾರ್ ಕಡೆಯಿಂದ ಬರ್ತಿದ್ದ ಸುಳ್ಳು ಎಣಿಕೆಗಳು ಕಂಪ್ಯೂಟರಿನ ಸಮಯ ತಿಂತಿದ್ದವು. ಇಳಿಯೋ ಹಾದಿಯಲ್ಲಿ ಮತ್ತೆ ಮತ್ತೆ ಹೀಗೆ ರೀಸ್ಟಾರ್ಟ್ ಆಯ್ತು, ಆದರೂ ಎಂಜಿನ್ ಕೈಬಿಡಲಿಲ್ಲ, ದಾರಿ ತಪ್ಪಲಿಲ್ಲ. ಯಾಕೆ ಗೊತ್ತಾ? ಯಾವ ಮುಖ್ಯ ಕೆಲಸ ಎಲ್ಲಿಯವರೆಗೆ ಬಂದಿದೆ ಅಂತ ಹಂತಹಂತವಾಗಿ ಅವರು ಮೆಮೊರಿಯಲ್ಲಿ ಬರೆದಿಡ್ತಿದ್ದರು. ಎದ್ದ ಕೂಡಲೇ ಮುಖ್ಯವಾದವು ಅಲ್ಲಿಂದ ಮುಂದುವರೀತಿದ್ದವು, ಉಳಿದವು ಬಿದ್ದುಹೋಗ್ತಿದ್ದವು. ರೀಸೆಟ್ ಕೊಡೋಕೆ ಎರಡು ರೂಪಾಯಿ ಬಿಡಿಭಾಗ ಸಾಕು ಕಣೋ. ಎದ್ದ ಮೇಲೆ ಏನು ಮಾಡಬೇಕು ಅನ್ನೋದಕ್ಕೆ ಬುದ್ಧಿ ಖರ್ಚಾಗುತ್ತೆ.

ನಿನ್ನ ಸ್ಟಾರ್ಟರಿನಲ್ಲಿ ಇದನ್ನೇ ಯೋಚಿಸು. ಮೋಟರು ಓಡ್ತಿದೆ, ವಾಚ್‌ಡಾಗ್ ಕಚ್ಚಿತು. ಆ ಕ್ಷಣ ಚಿಪ್ಪಿನ ಪಿನ್ನುಗಳೆಲ್ಲ ಇನ್‌ಪುಟ್ ಆಗಿ ತೇಲೋಕೆ ಶುರುಮಾಡುತ್ತವೆ. ರಿಲೇ ಓಡಿಸೋ ಟ್ರಾನ್ಸಿಸ್ಟರಿಗೆ ಪುಲ್‌ಡೌನ್ ರೆಸಿಸ್ಟರ್ ಇಲ್ಲದಿದ್ದರೆ ರಿಲೇ ಟಕಟಕ ಅನ್ನಬಹುದು, ಆ ಟಕಟಕಕ್ಕೆ ಕಾಂಟ್ಯಾಕ್ಟರ್ ಸುಟ್ಟುಹೋಗಬಹುದು. ಪುಲ್‌ಡೌನ್ ಇದ್ದರೆ ಮಾಮೂಲಿ ರಿಲೇ ಬಿಟ್ಟುಕೊಳ್ಳುತ್ತೆ. ಲ್ಯಾಚಿಂಗ್ ರಿಲೇ ಆದರೆ ಬಿಡಲ್ಲ, ಇದ್ದ ಹಾಗೇ ಇರುತ್ತೆ. ಇನ್ನು ನಿಮ್ಮ ರಿಲೇ ಬರೀ ಹಸಿರು ಬಟನ್ ಒತ್ತಿದ ಹಾಗೆ ಒಂದು ಕ್ಷಣ ಮುಚ್ಚಿ ತೆರೆಯೋದಾದರೆ, ಕಾಂಟ್ಯಾಕ್ಟರ್ ತನ್ನನ್ನ ತಾನೇ ಹಿಡಿದುಕೊಂಡಿರುತ್ತೆ. ಚಿಪ್ಪು ರೀಸೆಟ್ ಆಗಿದ್ದು ಮೋಟರಿಗೆ ಗೊತ್ತೇ ಆಗಲ್ಲ. ಚಿಪ್ಪು ಏಳುತ್ತೆ, "ಮೋಟರು ಆಫ್" ಅಂತ ವೇರಿಯಬಲ್ಲಿನಲ್ಲಿ ಬರಕೊಳ್ಳುತ್ತೆ, ಅಲ್ಲಿ ಮೋಟರು ನೀರಿಲ್ಲದ ಬೋರಿನಲ್ಲಿ ಓಡ್ತಾ ಇರುತ್ತೆ. ಡ್ರೈ ರನ್ ಕಾವಲಿಗೂ ರಜೆ, ಯಾಕಂದರೆ ಆಫ್ ಆಗಿರೋ ಮೋಟರಿಗೆ ಡ್ರೈ ರನ್ ಎಲ್ಲಿಂದ? ಅದಕ್ಕೇ ಎದ್ದ ಕೂಡಲೇ ಏನನ್ನೂ ಊಹಿಸಬೇಡ. ಮೋಟರಿನ ಲೈನಿಗೆ ಹಾಕಿರೋ ಸಿಟಿಯಲ್ಲಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರಿನಲ್ಲಿ, ಕರೆಂಟ್ ಇದೆಯಾ ನೋಡು. ಇದ್ದರೆ ಮೋಟರು ಓಡ್ತಿದೆ, ಅದನ್ನ ನಿನ್ನ ವಶಕ್ಕೆ ತಗೋ, ಓವರ್‌ಲೋಡು ಡ್ರೈ ರನ್ನು ಎಲ್ಲ ಲೆಕ್ಕ ಶುರುಮಾಡು.

ಇಲ್ಲದಿದ್ದರೆ? ಇಲ್ಲಿ ನಿನ್ನ ಮ್ಯಾನೇಜರ್ ಜೊತೆ ಜಗಳ ಆದರೂ ಪರವಾಗಿಲ್ಲ, ಹಿಡಿದ ಮಾತು ಬಿಡಬೇಡ. ರೀಸೆಟ್ಟಿಗೆ ಮುಂಚೆ ಓಡ್ತಿತ್ತು ಅಂತ ಮೋಟರನ್ನ ತಾನಾಗಿ ಮತ್ತೆ ಆನ್ ಮಾಡಕೂಡದು. ಮೋಟರು ನಿಂತಿದ್ದನ್ನ ನೋಡಿ ರೈತನೋ ಅವನ ಮಗನೋ ಏನಾಯ್ತು ಅಂತ ಸ್ಟಾರ್ಟರ್ ಬಾಗಿಲು ತೆಗೆದು ವೈರಿಗೆ ಕೈ ಹಾಕಿರಬಹುದು, ಪೈಪ್ ಜಾಯಿಂಟ್ ಬಿಚ್ಚುತ್ತಿರಬಹುದು. ಒಂದು ಮೆಸೇಜ್ ಕಳಿಸು: ಮೋಟರು ನಿಂತಿದೆ, ಬೇಕಾದರೆ ಮತ್ತೆ ಕಾಲ್ ಮಾಡಿ. ರೈತರೇ ಆಟೋ ಮೋಡಿಗೆ ಹಾಕಿಟ್ಟಿದ್ದರೆ ಅದು ಬೇರೆ ಮಾತು. ಕರೆಂಟು ಬಂದಾಗ ತಾನಾಗಿ ಶುರುವಾಗುತ್ತೆ ಅಂತ ತಿಳಿದೇ ಅವರು ಹಾಗೆ ಇಟ್ಟಿರ್ತಾರೆ. ಆದರೆ ಕರೆಂಟು ಹೋಗಿ ಬಂದದ್ದೂ ವಾಚ್‌ಡಾಗ್ ಕಚ್ಚಿದ್ದೂ ಒಂದೇ ಅಂತ ನಿನ್ನ ಕೋಡು ತಿಳಿಯಬಾರದು. ಇವೆರಡರ ವ್ಯತ್ಯಾಸ ಚಿಪ್ಪಿಗೆ ಗೊತ್ತಿರುತ್ತೆ. ಎವಿಆರ್ ಆಗಲಿ ಎಸ್‌ಟಿಎಂ32 ಆಗಲಿ, ಈ ರೀಸೆಟ್ ಪವರಿನಿಂದ ಬಂತಾ, ವೋಲ್ಟೇಜ್ ಕುಸಿದದ್ದರಿಂದಲಾ, ವಾಚ್‌ಡಾಗಿನಿಂದಲಾ ಅಂತ ಒಂದು ರಿಜಿಸ್ಟರಿನಲ್ಲಿ ಬಿಟ್ ಏರಿಸಿಟ್ಟಿರುತ್ತೆ. ಎದ್ದ ಕೂಡಲೇ ಮೊದಲು ಅದನ್ನ ಓದಿ, ಎತ್ತಿಟ್ಟುಕೊಂಡು, ಆಮೇಲೆ ಅಳಿಸು.

ವೋಲ್ಟೇಜ್ ಕುಸಿಯೋದು ಅಂದದ್ದಕ್ಕೆ ನೆನಪಾಯ್ತು, ನಿಮ್ಮ ಮೋಡೆಮ್ಮು. ಸಿಮ್800 ಜಾತಿಯ ಮಾಡ್ಯೂಲು ಟವರಿನ ಜೊತೆ ಮಾತಾಡುವಾಗ ಕ್ಷಣಮಾತ್ರ 2 ಆಂಪಿಯರ್ ತನಕ ಎಳೆಯುತ್ತೆ. ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇಲ್ಲ, ಟ್ರ್ಯಾಕ್ ಸಣ್ಣದು ಅಂದರೆ ವೋಲ್ಟೇಜ್ ಬಿದ್ದು ಚಿಪ್ಪೂ ಒದ್ದಾಡುತ್ತೆ. ಅದನ್ನ ವಾಚ್‌ಡಾಗ್ ನೋಡಿಕೊಳ್ಳುತ್ತೆ ಅಂತ ಬಿಟ್ಟರೆ ತಿಪ್ಪೆ ಸಾರಿಸಿದ ಹಾಗೆ. ಪವರ್ ಸಪ್ಲೈ ಸರಿಮಾಡಬೇಕು. ಅದಕ್ಕಿಂತ ಮುಖ್ಯ, ಫೀಲ್ಡಿನಲ್ಲಿ ಹ್ಯಾಂಗ್ ಆಗೋದು ಹೆಚ್ಚಾಗಿ ನಿನ್ನ ಚಿಪ್ಪಲ್ಲ, ಮೋಡೆಮ್ಮು. ವಾಚ್‌ಡಾಗ್ ನಿನ್ನ ಚಿಪ್ಪನ್ನಷ್ಟೇ ಎಬ್ಬಿಸುತ್ತೆ. ಮೋಡೆಮ್ಮಿಗೆ ಪವರ್ ಹಾಗೇ ಇರುತ್ತೆ, ಅದು ಸತ್ತಹಾಗೆ ಬಿದ್ದೇ ಇರುತ್ತೆ. ಮೋಡೆಮ್ಮಿನ ಪವರ್ ಲೈನಿಗೆ ಒಂದು ಮಾಸ್ಫೆಟ್ ಹಾಕಿ, ನಿನ್ನ ಕೋಡಿನಿಂದ ಅದನ್ನ ಪೂರ್ತಿ ಆಫ್ ಮಾಡಿ ಆನ್ ಮಾಡೋ ದಾರಿ ಇಟ್ಟುಕೋ. ಬೋರ್ಡಿನಲ್ಲಿ ಆ ದಾರಿ ಇಲ್ಲ ಅಂದರೆ ಮುಂದಿನ ರಿವಿಷನ್‌ನಲ್ಲಿ ಸೇರಿಸಿ ಅಂತ ಇವತ್ತೇ ಮೇಲ್ ಹಾಕು.

ಕಚ್ಚೋದೇನೋ ಸರಿ, ಕಚ್ಚುತ್ತಲೇ ಇದ್ದರೆ? ಸೆನ್ಸರ್ ಕೆಟ್ಟಿದೆ, ಎದ್ದ ಕೂಡಲೇ ಕೋಡು ಅದನ್ನ ಓದೋಕೆ ಹೋಗಿ ಸಿಕ್ಕಿಕೊಳ್ಳುತ್ತೆ, 8 ಸೆಕೆಂಡಿಗೆ ರೀಸೆಟ್, ಮತ್ತೆ ಅದೇ. ಎಷ್ಟು ಸಲ ಆಯ್ತು ಅಂತ ಲೆಕ್ಕ ಇಡೋಣ ಅಂತ ನೀನು ಪ್ರತಿ ಸಲ ಇಇಪ್ರಾಮಿನಲ್ಲಿ ಬರೀತೀಯ, ಒಳ್ಳೆ ಬುದ್ಧಿ. ಆದರೆ ಲೆಕ್ಕ ಹಾಕು. ಎಟಿಮೆಗಾ328ರ ಇಇಪ್ರಾಮ್ 1,00,000 ಸಲ ಬರೆಯೋಕೆ ಅಂತ ಡೇಟಾಶೀಟು. 8 ಸೆಕೆಂಡಿಗೊಮ್ಮೆ ಬರೆದರೆ 8,00,000 ಸೆಕೆಂಡು, ಒಂಬತ್ತು ದಿನ ಚಿಲ್ಲರೆ. 10,000 ಸಲದ ಫ್ಲ್ಯಾಶಿನಲ್ಲಿ ಪ್ರತಿ ಸಲ ಒಂದೇ ಪೇಜ್ ಅಳಿಸಿ ಬರೆದರೆ ಒಂದು ಇಡೀ ದಿನವೂ ಇಲ್ಲ! ರೀಸೆಟ್ಟಿನಲ್ಲಿ ಅಳಿಸದೆ ಉಳಿಯೋ ರ‍್ಯಾಮಿನ ಒಂದು ಮೂಲೆಯಲ್ಲಿ ಎಣಿಕೆ ಇಟ್ಟುಕೋ, ಇಂತಿಷ್ಟಾದ ಮೇಲೆ ಒಂದು ಸಲ ಮಾತ್ರ ಗಟ್ಟಿ ಮೆಮೊರಿಗೆ ಬರಿ. ಸತತವಾಗಿ ಐದಾರು ಸಲ ಕಚ್ಚಿತು ಅಂದರೆ ಪೂರ್ತಿ ಕೋಡು ಓಡಿಸೋಕೆ ಹೋಗಬೇಡ: ಮೋಟರು ಆಫ್, ಮೋಡೆಮ್ ಮಾತ್ರ ಆನ್, "ಸರ್ವಿಸ್ ಬೇಕು" ಅಂತ ಒಂದು ಮೆಸೇಜು. ಇದರ ಜೊತೆಗೇ ಹಳೇ ಆರ್ಡುಯಿನೊ ಬೋರ್ಡುಗಳ ಒಂದು ಪ್ರಸಿದ್ಧ ತೊಂದರೆ ನೆನಪಿರಲಿ. ಎವಿಆರ್‌ನಲ್ಲಿ ವಾಚ್‌ಡಾಗ್ ಕಚ್ಚಿದ ಮೇಲೂ ಅದು ಆನ್ ಆಗಿಯೇ ಉಳಿಯುತ್ತೆ, ಗಡುವು ಮಾತ್ರ ಅತಿ ಚಿಕ್ಕದಾಗಿ, ಸುಮಾರು 16 ಮಿಲಿಸೆಕೆಂಡು. ಹಳೇ ಬೂಟ್‌ಲೋಡರಿಗೆ ಅದು ಗೊತ್ತಿಲ್ಲ, ಅದನ್ನ ನಿಲ್ಲಿಸದೆ ತನ್ನ ಪಾಡಿಗೆ ಕಾಯ್ತಾ ಕೂತು ಮತ್ತೆ ಮತ್ತೆ ಕಚ್ಚಿಸಿಕೊಳ್ಳುತ್ತೆ. ಆಪ್ಟಿಬೂಟ್ ಹಾಕಿದರೆ ಆ ಗೋಳಿಲ್ಲ.

ನಿನ್ನ ವಯಸ್ಸಿನವರು ರೀಸೆಟ್ ಅಂದರೆ ಮುಗೀತು ಅಂದುಕೊಳ್ಳೋದು ನನಗೆ ಸ್ವಲ್ಪ ಸಿಟ್ಟು ಬರಿಸುತ್ತೆ, ಹೇಳೇಬಿಡ್ತೀನಿ. ವಾಚ್‌ಡಾಗ್ ಒಂದು ಸಲ ಕಚ್ಚಿತು ಅಂದರೆ ನಿನ್ನ ಕೋಡಿನಲ್ಲಿ ಒಂದು ತಪ್ಪಿದೆ ಅಂತ ಅದು ಬಂದು ಹೇಳಿದ ಹಾಗೆ. 1997ರ ಜುಲೈ 4ರಂದು ಮಾರ್ಸ್ ಪಾಥ್‌ಫೈಂಡರ್ ಮಂಗಳದಲ್ಲಿ ಇಳೀತು. ಕೆಲವೇ ದಿನಕ್ಕೆ ಅದರ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ರೀಸೆಟ್ ಆಗೋಕೆ ಶುರುವಾಯ್ತು. ಹವಾಮಾನದ ಲೆಕ್ಕ ತರೋ ಕಡಿಮೆ ದರ್ಜೆಯ ಒಂದು ಟಾಸ್ಕು ಒಂದು ಬೀಗ ಹಿಡಿದಿರುವಾಗ, ನಡುವಿನ ದರ್ಜೆಯ ಟಾಸ್ಕುಗಳು ಬಂದು ಅದನ್ನ ಓಡೋಕೆ ಬಿಡ್ತಿರಲಿಲ್ಲ. ಅದೇ ಬೀಗಕ್ಕೆ ಕಾಯ್ತಿದ್ದ ಮೇಲಿನ ದರ್ಜೆಯ ಟಾಸ್ಕು ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸ್ತಿರಲಿಲ್ಲ. ಮುಗಿದಿಲ್ಲ ಅಂತ ಕಂಡುಹಿಡಿದ ನಿಗಾ ಟಾಸ್ಕು ರೀಸೆಟ್ ಕೊಡ್ತಿತ್ತು. ಆ ದಿನದ ಬಾಕಿ ಕೆಲಸ ಮಾರನೆ ದಿನಕ್ಕೆ ಹೋಗ್ತಿತ್ತು, ಮಿಷನ್ ಮಾತ್ರ ಸಾಯಲಿಲ್ಲ. ನಾಸಾದ ಜೆಪಿಎಲ್‌ನವರು ಭೂಮಿಯ ಮೇಲಿನ ತದ್ರೂಪು ಯಂತ್ರದಲ್ಲಿ ಅದನ್ನೇ ಮರುಕಳಿಸಿ, ಕಾರಣ ಹಿಡಿದು, ಬೀಗ ಹಿಡಿದ ಟಾಸ್ಕಿಗೆ ಕಾಯ್ತಿರೋನ ದರ್ಜೆ ತಾತ್ಕಾಲಿಕವಾಗಿ ಸಿಗೋ ಹಾಗೆ ವಿಎಕ್ಸ್‌ವರ್ಕ್ಸ್‌ನ ಒಂದು ಸೆಟ್ಟಿಂಗ್ ಬದಲಿಸಿ ಮೇಲಕ್ಕೆ ಕಳಿಸಿದರು. ಸಾಫ್ಟ್‌ವೇರ್ ತಂಡದ ಮುಖ್ಯಸ್ಥ ಗ್ಲೆನ್ ರೀವ್ಸ್ ಆಮೇಲೆ ಇದನ್ನೆಲ್ಲ ಬಿಚ್ಚಿ ಬರೆದ. ಇಂಥ ರೀಸೆಟ್ಟು ಹಾರಿಸೋಕೆ ಮುಂಚೆಯೇ ಟೆಸ್ಟಿಂಗಿನಲ್ಲೂ ಕಂಡಿತ್ತಂತೆ. ಅಪರೂಪಕ್ಕೆ ಬರ್ತಿತ್ತು, ಮತ್ತೆ ಬರಿಸೋಕಾಗಲಿಲ್ಲ, ಬೇರೆ ಕೆಲಸದ ಒತ್ತಡದಲ್ಲಿ ಪಕ್ಕಕ್ಕಿಟ್ಟಿದ್ದರು. "ಒಂದೇ ಸಲ ಆಯ್ತು ಸಾರ್, ಮತ್ತೆ ಬರಲಿಲ್ಲ" ಅಂತ ನೀನು ಬಗ್ ಕ್ಲೋಸ್ ಮಾಡೋ ದಿನ ಇದನ್ನ ನೆನೆಸಿಕೋ.

ವಾಚ್‌ಡಾಗ್ ಹಾಕದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ 1994ರ ಕ್ಲೆಮೆಂಟೈನ್ ಇದೆ. ಚಂದ್ರನ ನಕ್ಷೆ ತೆಗೆದು ಮುಗಿಸಿ ಜಿಯೋಗ್ರಾಫೋಸ್ ಅನ್ನೋ ಕ್ಷುದ್ರಗ್ರಹದ ಕಡೆಗೆ ಹೊರಡಬೇಕಿದ್ದ ನೌಕೆ. ಮೇ 7ರಂದು ಅದರ ಕಂಪ್ಯೂಟರಿಗೆ ಏನೋ ಬಡಿದು ಥ್ರಸ್ಟರುಗಳು ಇಂಧನ ಖಾಲಿ ಆಗೋವರೆಗೂ ಉರಿದವು, ನೌಕೆ ನಿಮಿಷಕ್ಕೆ 80 ಸುತ್ತು ಗಿರಗಿರ ತಿರುಗ್ತಾ ನಿಂತಿತು. ಕ್ಷುದ್ರಗ್ರಹದ ಆಸೆ ಅಲ್ಲಿಗೇ ಮುಗೀತು. ಎಂಬೆಡೆಡ್ ಲೋಕದಲ್ಲಿ ಹೆಸರಾದ ಜ್ಯಾಕ್ ಗ್ಯಾನ್ಸ್ಲ್ ಬರೆದ ಪ್ರಕಾರ ಆ ಪ್ರೊಸೆಸರಿನಲ್ಲಿ ವಾಚ್‌ಡಾಗ್ ಇತ್ತು, ಅದನ್ನ ಬಳಸೋ ಕೋಡು ಬರೆದಿರಲಿಲ್ಲ.

ನಿಮ್ಮ ಆಫೀಸಿನಲ್ಲಿ ಲಿನಕ್ಸ್ ಓಡೋ ಗೇಟ್‌ವೇ ಇದ್ದರೆ ಅದಕ್ಕೂ ಒಂದೆರಡು ಮಾತು. ಅಲ್ಲಿ ವಾಚ್‌ಡಾಗ್ ಒಂದು ಫೈಲಿನ ರೂಪದಲ್ಲಿರುತ್ತೆ. ತೆರೆದರೆ ಓಡೋಕೆ ಶುರು, ಏನಾದರೂ ಬರೆದರೆ ಕಿಕ್. ಮುಚ್ಚೋ ಮೊದಲು ದೊಡ್ಡಕ್ಷರದ "ವಿ" ಬರೆದರೆ ಎಷ್ಟೋ ಡ್ರೈವರುಗಳು ಕಾವಲನ್ನ ನಿಲ್ಲಿಸಿಬಿಡುತ್ತವೆ. ಯಾರೂ ನಿಲ್ಲಿಸಬಾರದು ಅಂದರೆ ನೋ ವೇ ಔಟ್ ಅನ್ನೋ ಆಯ್ಕೆ ಇದೆ. ರಾಸ್ಪ್‌ಬೆರಿ ಪೈನಲ್ಲಿ ಗಡುವು ಹೆಚ್ಚೆಂದರೆ 15 ಸೆಕೆಂಡು ಚಿಲ್ಲರೆ. ಸಿಸ್ಟಂ‌ಡಿಗೆ ಹೇಳಿದರೆ ಅದೇ ಕಿಕ್ ಮಾಡ್ತಾ ಹೋಗುತ್ತೆ, ಬಹಳ ಅನುಕೂಲ. ಆದರೆ ಅದು ಕೂಗೋದು ತನ್ನ ಹಾಜರಿಯನ್ನ, ನಿನ್ನ ಪ್ರೋಗ್ರಾಮಿನದ್ದಲ್ಲ. ನಿನ್ನ ಸರ್ವಿಸ್ ಫೈಲಿನಲ್ಲಿ ಬೇರೆಯಾಗಿ ಗಡುವು ಹಾಕಿ, ಪ್ರೋಗ್ರಾಮಿನಿಂದ ಹೊತ್ತುಹೊತ್ತಿಗೆ ಸಿಸ್ಟಂ‌ಡಿಗೆ ಸುದ್ದಿ ಕಳಿಸಬೇಕು, ಅದೂ ಕೆಲಸ ಮುಗಿಸಿದ ಮೇಲೆ.

ಗಡುವು ಎಷ್ಟಿಡಬೇಕು ಅಂತ ಕೇಳ್ತೀಯ. ನ್ಯಾಯವಾಗಿ ಅತಿ ಹೆಚ್ಚು ಹೊತ್ತು ಹಿಡಿಯೋ ಕೆಲಸ ಯಾವುದು ಅಂತ ಅಳೆದು, ಅದರ ಎರಡರಷ್ಟು ಇಡು. ಫ್ಲ್ಯಾಶ್ ಅಳಿಸೋದನ್ನ ಮರೀಬೇಡ, ದೊಡ್ಡ ಸೆಕ್ಟರ್ ಆದರೆ ಅದೊಂದಕ್ಕೇ ಒಂದೆರಡು ಸೆಕೆಂಡ್ ಬೇಕು. ಕಾಗದದ ಮೇಲಿನ ಅಂಕಿ ನಂಬಬೇಡ: ಎಸ್‌ಟಿಎಂ32ಎಫ್103ರಲ್ಲಿ ವಾಚ್‌ಡಾಗಿನ ಕ್ಲಾಕು 40 ಕಿಲೋಹರ್ಟ್ಸ್ ಅಂತ ಹೇಳಿದ್ದರೂ 30ರಿಂದ 60ರವರೆಗೆ ಎಲ್ಲಿ ಬೇಕಾದರೂ ಇರಬಹುದು ಅಂತ ಡೇಟಾಶೀಟೇ ಒಪ್ಪಿಕೊಂಡಿದೆ. ನೀನು 8 ಸೆಕೆಂಡ್ ಅಂತ ಇಟ್ಟದ್ದು ಒಂದು ಬೋರ್ಡಿನಲ್ಲಿ 5.3 ಆಗಬಹುದು, ಇನ್ನೊಂದರಲ್ಲಿ 10.7.

ಕೊನೆಗೆ, ಕಚ್ಚಿಸಿ ನೋಡು. ಫೀಲ್ಡಿಗೆ ಹೋಗೋ ಅದೇ ರಿಲೀಸ್ ಬಿಲ್ಡಿನಲ್ಲಿ, ಒಂದು ಗುಟ್ಟಿನ ಎಸ್ಸೆಮ್ಮೆಸ್ ಬಂದರೆ ಬೇಕೆಂದೇ ಒಂದು ಟಾಸ್ಕು ಕೊನೆಯಿಲ್ಲದ ಲೂಪಿಗೆ ಬೀಳೋ ಹಾಗೆ ಬರಿ. ಪ್ರತಿ ಟಾಸ್ಕಿಗೂ ಒಂದೊಂದು. ಇಂಟರಪ್ಟುಗಳನ್ನ ಬಂದ್ ಮಾಡಿ ಒಂದು, ಮೋಟರು ಓಡ್ತಿರುವಾಗ ಒಂದು. ಡಿಬಗರ್ ಕೇಬಲ್ ಕಿತ್ತಿಟ್ಟು ಮಾಡು. ಅದಿದ್ದಾಗ ವಾಚ್‌ಡಾಗ್ ನಿಲ್ಲಿಸೋ ಬಿಟ್ ಒಂದಿದೆ, ಬೆಂಚಿನ ಮೇಲಿನ ಟೆಸ್ಟ್ ಅದರಿಂದ ಸುಳ್ಳಾಗುತ್ತೆ. ಮಾಡುವಾಗ ರಿಲೇ ಏನಂತು, ಮೋಡೆಮ್ ಎದ್ದಿತಾ, ರೀಸೆಟ್ಟಿನ ಕಾರಣ ಸರಿಯಾಗಿ ದಾಖಲಾಯ್ತಾ ಅಂತ ಬರೆದುಕೋ. ಶನಿವಾರ ಮನೆಗೆ ಬರುವಾಗ ಒಂದು ಬೋರ್ಡು, ಸ್ಕೀಮ್ಯಾಟಿಕ್ಕಿನ ಪ್ರಿಂಟು ತಗೊಂಡು ಬಾ. ನಿಮ್ಮ ರಿಲೇ ಯಾವ ಜಾತಿಯದು, ಅದರ ಟ್ರಾನ್ಸಿಸ್ಟರಿಗೆ ಪುಲ್‌ಡೌನ್ ಇದೆಯಾ ಅಂತ ನಾನೂ ನೋಡಬೇಕು.